ಮನೆಯಲ್ಲೇ ಮಾಡಿದ ಸರ್ಫ್‌ಬೋರ್ಡ್ ಫಿನ್: ಉಬ್ಬುತಗ್ಗಿನ ಅಂಚಿನಿಂದ ನಿಜವಾಗಿ ಪ್ರಯೋಜನವಿದೆಯೇ?

ಕಣ್ವತೀರ್ಥ ನಿವಾಸಿ:
ಸರ್ಫ್‌ಬೋರ್ಡಿನ ಅಡಿಯಲ್ಲಿ ಹಿಂಬದಿಗೆ ಕೂರಿಸುವ ಫಿನ್ನನ್ನು ನಾನೇ ಮಾಡಿಕೊಂಡಿದ್ದೇನೆ. ಮರೈನ್ ಪ್ಲೈವುಡ್ಡನ್ನು ಕೊಯ್ದು, ಮುಂದಿನ ಅಂಚನ್ನು ನುಣುಪಾಗಿ ಬಿಡದೆ ಹಂಪ್‌ಬ್ಯಾಕ್ ತಿಮಿಂಗಿಲದ ಈಜುರೆಕ್ಕೆಯಲ್ಲಿರುವಂತೆ ಸಾಲು ಉಬ್ಬುಗಳನ್ನು ಕೆತ್ತಿ, ಮೇಲೆ ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಹಾಗೂ ಅದನ್ನು ಗಟ್ಟಿಯಾಗಿ ಹಿಡಿಸುವ ಎಪಾಕ್ಸಿ ಅಂಟು ಹಾಕಿದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಫಿನ್ ಜಾರಿಬಿಡುತ್ತಿದ್ದಂತಹ ಬಿಗಿ ತಿರುವುಗಳಲ್ಲಿ ಇದು ಹಿಡಿತ ಬಿಡುವುದಿಲ್ಲ. 2004ರಲ್ಲಿ ಪ್ರಕಟವಾದ ವಾಯುಸುರಂಗದ (ಮಾದರಿಯ ಮೇಲೆ ಗಾಳಿ ಹರಿಸಿ ನೋಡುವ ಕೊಳವೆ) ಪ್ರಯೋಗವೊಂದರಲ್ಲಿ, ಇಂತಹ ಉಬ್ಬುಗಳಿದ್ದ ಮಾದರಿಯು ನುಣುಪು ಅಂಚಿನ ಮಾದರಿಗಿಂತ ಹರಿವಿಗೆ ಸುಮಾರು ಶೇ. 40ರಷ್ಟು ಹೆಚ್ಚಿನ ಕೋನದಲ್ಲಿ ಓರೆಯಾಗುವವರೆಗೆ ಸ್ಟಾಲ್ ಆಗದೆ, ಅಂದರೆ ಹರಿವು ಮೈಯಿಂದ ಕಳಚಿಕೊಳ್ಳದೆ, ಉಳಿದಿತ್ತು. ನಮ್ಮ ಕರಾವಳಿಯ ಸರ್ಫರುಗಳು ಈ ಆಕಾರವನ್ನು ಪರೀಕ್ಷಿಸಬೇಕೆಂಬುದು ನನ್ನ ವಾದ.

ಬೇಕಲದ ಓದುಗ:
ತಮ್ಮ ಕೈಕೆಲಸವನ್ನು ಮೆಚ್ಚುತ್ತೇನೆ, ವಾದವನ್ನು ಒಪ್ಪಲಾರೆ. ಹತ್ತಾರು ಟನ್ ತೂಗುವ ಪ್ರಾಣಿಯ ಅಂಗವನ್ನು ಅಂಗೈಯಗಲದ ಹಲಗೆಗೆ ಇಳಿಸಿದಾಗ ನೀರು ಅಲ್ಲಿ ವರ್ತಿಸಿದಂತೆಯೇ ಇಲ್ಲಿಯೂ ವರ್ತಿಸುತ್ತದೆಂದು ಹೇಗೆ ನಂಬುವುದು?

ಭೌತಶಾಸ್ತ್ರದ ಮಾಸ್ಟ್ರು, ಕಾಸರಗೋಡು:
ಗಾತ್ರದ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಹರಿವಿನ ಸ್ವಭಾವವನ್ನು ಅಳೆಯಲು ಗಾತ್ರವೊಂದನ್ನೇ ನೋಡದೆ, ವೇಗ ಮತ್ತು ದ್ರವದ ಸ್ನಿಗ್ಧತೆಯನ್ನೂ ಸೇರಿಸಿ ರೆನಾಲ್ಡ್ಸ್ ಸಂಖ್ಯೆಯನ್ನು ಲೆಕ್ಕ ಹಾಕುತ್ತಾರೆ. 10 ಸೆಂಟಿಮೀಟರ್ ಅಗಲದ ಫಿನ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೀರನ್ನು ಸೀಳಿದರೆ ಆ ಸಂಖ್ಯೆ 5 ಲಕ್ಷದ ಆಸುಪಾಸಿನಲ್ಲಿರುತ್ತದೆ; 2004ರ ಪ್ರಯೋಗ ನಡೆದದ್ದೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ. ನನ್ನ ಸಂಶಯವಿರುವುದು ಬೇರೆಡೆ. ಆ ಮಾದರಿ ತುದಿಯತ್ತ ಕಿರಿದಾಗುವ ರೆಕ್ಕೆಯದಾಗಿತ್ತು. ಆಮೇಲೆ ಉದ್ದಕ್ಕೂ ಒಂದೇ ಅಗಲವಿರುವ ರೆಕ್ಕೆಗಳನ್ನು ಪರೀಕ್ಷಿಸಿದಾಗ, ಸ್ಟಾಲ್ ಆದ ಬಳಿಕ ಉಬ್ಬುಗಳು ನೆರವಾದರೂ ಅದಕ್ಕೂ ಮುಂಚಿನ ಕೋನಗಳಲ್ಲಿ ಎತ್ತುಬಲ (ಹರಿವಿಗೆ ಅಡ್ಡಲಾಗಿ ತಳ್ಳುವ ಬಲ; ಫಿನ್ನಿನಲ್ಲಿ ಇದೇ ಹಿಡಿತ) ಕಡಿಮೆಯಾದದ್ದು ಕಂಡುಬಂತು. ಆದ್ದರಿಂದ ಜಾರುವ ಅಂಚಿನಲ್ಲಿರುವ ತಿರುವಿನಲ್ಲಿ ಲಾಭವಾಗಬಹುದು. ನೇರ ಓಟದಲ್ಲಿ ವೇಗ ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಕಸಬದ ದೋಣಿ ಕೆಲಸದವ:
ಮಾಸ್ಟ್ರೇ, ಲೆಕ್ಕ ಸರಿಯಿರಬಹುದು, ಆದರೆ ಹೋಲಿಕೆಯೇ ಸರಿಯಿಲ್ಲ. ಅವರು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿರುವುದು ಬಾಗುವ ಪ್ಲಾಸ್ಟಿಕ್ ಫಿನ್ನನ್ನೂ ಬಾಗದ ಪ್ಲೈವುಡ್ ಫಿನ್ನನ್ನೂ. ಬಿಗಿ ತಿರುವಿನಲ್ಲಿ ಅಗ್ಗದ ಪ್ಲಾಸ್ಟಿಕ್ ಬಳುಕಿ ಹಿಡಿತ ಕಳೆದುಕೊಳ್ಳುತ್ತದೆ; ಗಟ್ಟಿ ಫಿನ್ ಬಳುಕುವುದಿಲ್ಲ. ಈಗ ಸಿಕ್ಕ ಹಿಡಿತ ಉಬ್ಬಿನದೋ, ಗಡಸುತನದ್ದೋ, ಹೆಚ್ಚಾದ ವಿಸ್ತೀರ್ಣದ್ದೋ ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಇನ್ನೊಂದು ಮಾತು: ಎಲ್ಲರೂ ಹೊರಗೆರೆಯನ್ನೇ ನೋಡುತ್ತಾರೆ, ಅಡ್ಡಕೊಯ್ತವನ್ನು ನೋಡುವವರು ಕಡಿಮೆ. ನಡುವಿನ ಫಿನ್ನಿನ ಎರಡೂ ಮೈಗಳು ಸಮನಾಗಿ ಉಬ್ಬಿರಬೇಕು. ಪ್ಲೈವುಡ್ಡನ್ನು ಉಜ್ಜುತ್ತಾ ಹೋದಂತೆ ಅದರ ಪದರಗಳು ನಕ್ಷೆಯ ಎತ್ತರದ ರೇಖೆಗಳ ಹಾಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ; ಎರಡು ಬದಿಯ ರೇಖೆಗಳು ತಾಳೆಯಾಗದಿದ್ದರೆ ಬೋರ್ಡ್ ಒಂದು ಕಡೆಗೆ ಎಳೆಯುತ್ತದೆ. ಅದನ್ನು ನೋಡಿದಿರಾ?

ಕಣ್ವತೀರ್ಥ ನಿವಾಸಿ:
ನೋಡಿದ್ದೇನೆ, ರೇಖೆಗಳು ತಾಳೆಯಾಗಿವೆ. ಗಡಸುತನದ ಮಾತಿನಲ್ಲಿ ಹುರುಳಿದೆ. ಆದರೂ ಇಷ್ಟೊಂದು ಶಿಸ್ತನ್ನು ಮೊದಲೇ ಬೇಡಿದ್ದರೆ ಈ ಕ್ರೀಡೆಯಲ್ಲಿ ಹೊಸದೇನೂ ಹುಟ್ಟುತ್ತಿರಲಿಲ್ಲ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಸರ್ಫರ್ ಹವಾಯಿಯಲ್ಲಿ ಮೋಟಾರು ದೋಣಿಯೊಂದರ ಲೋಹದ ಕೀಲನ್ನು (keel, ದೋಣಿಯ ಅಡಿಯಲ್ಲಿ ನೀರಿಗಿಳಿದಿರುವ ಅಲಗು) ತನ್ನ ಬೋರ್ಡಿಗೆ ಫಿನ್ನಾಗಿ ಜೋಡಿಸಿದಾಗ ವಾಯುಸುರಂಗದ ವರದಿ ಕೈಯಲ್ಲಿರಲಿಲ್ಲ. ಸರ್ಫರ್ ಜಾರ್ಜ್ ಗ್ರೀನೋ ಬಳುಕುವ ಫಿನ್ನುಗಳನ್ನು ಮಾಡಿದ್ದು ಕೇದರದಂತಹ (ಟ್ಯೂನಾ) ಮೀನುಗಳ ಬಾಲವನ್ನು ನೋಡಿ.

ಬೇಕಲದ ಓದುಗ:
ಗೆದ್ದವರನ್ನು ಮಾತ್ರ ಎಣಿಸುತ್ತಿದ್ದೀರಿ. ರೆಕ್ಕೆಯುಳ್ಳ ಕೀಲಿನ ‘ಆಸ್ಟ್ರೇಲಿಯಾ 2’ ಎಂಬ ಹಾಯಿದೋಣಿ 1983ರಲ್ಲಿ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಸ್ಪರ್ಧೆಯನ್ನು ಗೆದ್ದಿತು. ಅದರ ವಿನ್ಯಾಸಕಾರ ಬೆನ್ ಲೆಕ್ಸೆನ್ ಅಂತಹದೇ ರೆಕ್ಕೆಯ ಫಿನ್ನನ್ನು ಶೇನ್ ಹೊರಾನ್ ಎಂಬ ಸರ್ಫರಿಗೂ ಮಾಡಿಕೊಟ್ಟರು. ಅದು ಸರ್ಫರುಗಳಲ್ಲಿ ಬಳಕೆಗೆ ಬರಲಿಲ್ಲ. ನನಗೆ ತೋರುವ ಕಾರಣವಿಷ್ಟೇ: ಹಾಯಿದೋಣಿಗೆ ಭಾರವನ್ನು ಕೆಳಗಿಟ್ಟು ವಾಲದಂತೆ ತಡೆಯುವ ಅಗತ್ಯವಿರುತ್ತದೆ, ಸರ್ಫ್‌ಬೋರ್ಡನ್ನೋ ವಾಲಿಸಿಯೇ ತಿರುಗಿಸಬೇಕು. ಸೈಮನ್ ಆಂಡರ್ಸನ್ 1980ರಲ್ಲಿ ರೂಪಿಸಿದ ಮೂರು ಫಿನ್ನುಗಳ ಥ್ರಸ್ಟರ್ ಉಳಿದುಕೊಂಡಿದ್ದರೆ, 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚಿನ ಸರ್ಫಿಂಗ್ ಸ್ಪರ್ಧೆಯ ದೊಡ್ಡ ಅಲೆಗಳಲ್ಲಿ ಇತರರ ಎದುರೇ ಅದು ಗೆದ್ದು ತೋರಿಸಿದ್ದರಿಂದ.

ಭೌತಶಾಸ್ತ್ರದ ಮಾಸ್ಟ್ರು, ಕಾಸರಗೋಡು:
ನಮಗೆ ಸ್ಪರ್ಧೆಯಿಲ್ಲದಿದ್ದರೂ ಪರೀಕ್ಷೆ ಸಾಧ್ಯ. ಸವಾರನಿಗೆ ಫಿನ್ ಕಾಣದಂತೆ ಮಾಡುವುದು ಸುಲಭ, ಏಕೆಂದರೆ ಅದಿರುವುದು ಬೋರ್ಡಿನ ಅಡಿಯಲ್ಲಿ. ಉಬ್ಬಿನದೊಂದು, ನುಣುಪಿನದೊಂದು ಮಾಡಿಡಿ. ಯಾವುದನ್ನು ಹಾಕಿದೆಯೆಂದು ತಿಳಿಸದೆ ಬೇರೆಯವರು ಜೋಡಿಸಿಕೊಡಲಿ. ಮಳೆಗಾಲದ ರಭಸ ತಗ್ಗಿದ ಮೇಲಿನ ಸಣ್ಣ ಅಲೆಗಳಲ್ಲಿ ಒಂದೇ ದಿನ ಅದಲುಬದಲು ಮಾಡಿ, ಪ್ರತಿ ಸಲವೂ ಜಾರಿತೋ ಇಲ್ಲವೋ ಎಂದಷ್ಟೇ ಬರೆದುಕೊಳ್ಳಿ.

ಕಸಬದ ದೋಣಿ ಕೆಲಸದವ:
ಎರಡು ತುಂಡುಗಳನ್ನು ಸ್ಕ್ರೂ ಹಾಕಿ ಜೋಡಿಸಿ, ಹೊರಗೆರೆಯನ್ನು ಒಟ್ಟಿಗೆ ಅರದಿಂದ ಉಜ್ಜಿ, ಆಮೇಲೆ ಬಿಡಿಸಿ ಒಂದರಲ್ಲಿ ಮಾತ್ರ ಉಬ್ಬು ಕೆತ್ತಿರಿ. ಆದರೆ ಆ ಒಂದರ ಮುಂದಿನ ಅಂಚಿನಲ್ಲಿ ಮೊದಲೇ ಸ್ವಲ್ಪ ಮರ ಉಳಿಸಿಕೊಂಡಿರಬೇಕು. ಇಲ್ಲವಾದರೆ ತಗ್ಗುಗಳಿಂದ ವಿಸ್ತೀರ್ಣ ಕುಗ್ಗಿ ಮತ್ತೆ ಅದೇ ಗೊಂದಲ. ಬೋರ್ಡಿನಲ್ಲಿ ಫಿನ್ ಕೂರಿಸುವ ಪೆಟ್ಟಿಗೆ ಉದ್ದ ಸೀಳಿನದಾದರೆ ಫಿನ್ ಕೂರುವ ಜಾಗಕ್ಕೆ ಗುರುತು ಹಾಕಿಡಿ, ಏಕೆಂದರೆ ಮುಂದೆ ಸರಿದರೆ ಬೋರ್ಡ್ ಸಡಿಲವಾಗಿ ತಿರುಗುತ್ತದೆ, ಹಿಂದೆ ಸರಿದರೆ ಬಿಗಿಯಾಗುತ್ತದೆ. ಹಿಂಬದಿಯ ಅಂಚನ್ನು ಚೂರಿಯಂತೆ ಹರಿತ ಮಾಡಬೇಡಿ. ಬಿದ್ದಾಗ ತೊಡೆಗೆ ತಾಗುವುದು ಅದೇ.

ಕಣ್ವತೀರ್ಥ ನಿವಾಸಿ:
ನುಣುಪಿನದನ್ನೂ ಮಾಡುತ್ತೇನೆ. ಗ್ಲಾಸ್ ಬಟ್ಟೆಯನ್ನು ಎರಡಕ್ಕೂ ಒಂದೇ ತೂಕದ್ದೇ ಹಾಕಬೇಕೇ?

ಕಸಬದ ದೋಣಿ ಕೆಲಸದವ:
ಒಂದೇ ತೂಕದ್ದು, ಅಷ್ಟೇ ಪದರ, ಒಂದೇ ಸಲ ಕಲಸಿದ ಎಪಾಕ್ಸಿ. ಉಬ್ಬುಗಳ ನಡುವಿನ ತಗ್ಗಿನಲ್ಲಿ ಬಟ್ಟೆ ಎದ್ದು ಗಾಳಿ ಉಳಿಯುತ್ತದೆ. ಅಲ್ಲಿ ಬಟ್ಟೆಯನ್ನು ಸೀಳಿ ಕೂರಿಸಿರಿ.