ಪದಚರ್ಚೆ: "ಆವೃತ್ತಿ"ಯೋ "ಮುದ್ರಣ"ವೋ? ಬ್ರಿಟಾನಿಕಾ ಫಲಕಕ್ಕೆ ನಾಳೆಯೊಳಗೆ ಬೇಕು

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ,

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 32 ಸಂಪುಟಗಳ ಪೂರ್ಣ ಸೆಟ್ಟನ್ನು ದಾನ ಕೊಟ್ಟಿದ್ದಾರೆ. ಅದನ್ನು ಗಾಜಿನ ಬೀರುವಿನಲ್ಲಿಟ್ಟು, ಆ ವಿಶ್ವಕೋಶ ಅಚ್ಚಿನಿಂದ ಜಾಲತಾಣಕ್ಕೆ ಬಂದ ಚರಿತ್ರೆಯನ್ನು ಹೇಳುವ ಕನ್ನಡ ಫಲಕವೊಂದನ್ನು ಪಕ್ಕದಲ್ಲಿ ಹಾಕಬೇಕೆಂದು ತೀರ್ಮಾನವಾಗಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮೊದಲ ಸಾಲಿಗೇ ತಡೆ ಬಿದ್ದಿದೆ. ಶೀರ್ಷಿಕೆ ಪುಟದಲ್ಲಿ "ಸ್ಥಾಪನೆ 1768, 15ನೆಯ ಎಡಿಷನ್" ಎಂಬ ಅರ್ಥದ ಸಾಲಿದೆ. ಹಾಳೆ ತಿರುವಿದರೆ ಹಿಂಬದಿಯಲ್ಲಿ 1994 ಎಂಬ ಇಸವಿ ಇದೆ. ನಾನು ಕರಡಿನಲ್ಲಿ "1994ರ ಆವೃತ್ತಿ" ಎಂದು ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು "15ನೆಯ ಮುದ್ರಣ" ಎಂದು ತಿದ್ದಿದರು. ಮೇಲಿನವರು ಎರಡನ್ನೂ ಹೊಡೆದುಹಾಕಿ "ಸಂಚಿಕೆ" ಎಂದು ಬರೆದು ಕಳುಹಿಸಿದ್ದಾರೆ. ಸರಿಯಾದ ಪದ ಯಾವುದು? "ಡಿಜಿಟಲ್" ಎಂಬುದಕ್ಕೆ "ಅಂಕೀಯ" ಎಂದು ಬರೆಯಬೇಕೆಂಬ ಸಲಹೆಯೂ ಬಂದಿದೆ. ದಯವಿಟ್ಟು ಬೇಗನೆ ತಿಳಿಸಿ.

ಉತ್ತರ (ಮೈಸೂರಿನಿಂದ)

"ಸಂಚಿಕೆ" ಎಂಬುದು ಪತ್ರಿಕೆಗೆ ಸಲ್ಲುವ ಮಾತು. ಅದನ್ನು ಇಲ್ಲಿಗೆ ತರುವುದು ತಪ್ಪು. ಇನ್ನು "ಆವೃತ್ತಿ". ಇದು "ವೃತ್" ಧಾತುವಿಗೆ "ಆ" ಉಪಸರ್ಗ ಸೇರಿ ಬಂದ ರೂಪ. ಮರಳಿ ಬರುವುದು, ಪುನಃ ಹೇಳುವುದು ಎಂಬುದೇ ಅದರ ಅರ್ಥ. ಮಂತ್ರವನ್ನು ಹನ್ನೊಂದು ಆವೃತ್ತಿ ಪಠಿಸಿದರೆ ಹನ್ನೊಂದು ಸಲವೂ ಅದೇ ಮಂತ್ರ ಬರುತ್ತದೆಯೇ ಹೊರತು ಪ್ರತಿ ಸಲ ಹೊಸ ಮಂತ್ರ ಬರುವುದಿಲ್ಲ. ಆದ್ದರಿಂದ ಇದ್ದುದನ್ನೇ ಮತ್ತೆ ಅಚ್ಚು ಹಾಕಿದರೆ ಅದು ಆವೃತ್ತಿ. ಪಾಠವನ್ನು ತಿದ್ದಿ ಹೊಸದಾಗಿ ಕಟ್ಟಿದರೆ ಅದು "ಪರಿಷ್ಕರಣ". ತಮ್ಮ ಸೆಟ್ಟು "15ನೆಯ ಪರಿಷ್ಕರಣ, 1994ರ ಆವೃತ್ತಿ". ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಉತ್ತರ (ಬೆಂಗಳೂರಿನಿಂದ)

ಧಾತು, ಉಪಸರ್ಗಗಳನ್ನು ಬಲ್ಲವರಿಗಾಗಿ ಯಾರೂ ಫಲಕ ಹಾಕುವುದಿಲ್ಲ. "ಅಚ್ಚು" ಎಂಬ ಅಚ್ಚಕನ್ನಡದ ಪದ ಕಣ್ಣೆದುರಿಗಿರುವಾಗ "ಮುದ್ರಣ"ವೂ ಬೇಡ, "ಆವೃತ್ತಿ"ಯೂ ಬೇಡ. "ಹದಿನೈದನೆಯ ಅಚ್ಚು" ಎಂದು ಬರೆಯಿರಿ, ಸಂಪುಟಕ್ಕೆ "ಹೊತ್ತಗೆ" ಎನ್ನಿರಿ. ಡಿಜಿಟಲ್ ಎಂಬುದರ ಬೇರು ಲ್ಯಾಟಿನ್ನಿನಲ್ಲಿ ಬೆರಳು. ಬೆರಳು ಮಡಚಿ ಎಣಿಸುವುದರಿಂದ ಅಂಕಿಗೆ ಆ ಹೆಸರು ಬಂತು. ನಾವೂ "ಎಣಿಕೆಯ ರೂಪ" ಎಂದರೆ ಸಾಕು. ಒಂದು ಸಾವಿರ ವರ್ಷ ಸಂಸ್ಕೃತದಿಂದ ತಂದೆವು, ಇನ್ನೂರು ವರ್ಷ ಇಂಗ್ಲಿಷಿನಿಂದ ತಂದೆವು, ನಮ್ಮದೆಂಬುದು ಎಂದಿಗೆ?

ಉತ್ತರ (ಮೈಸೂರಿನಿಂದ)

"ಹೊತ್ತಗೆ" ಎಂಬುದು "ಪುಸ್ತಕ"ದ ತದ್ಭವ. ಮೊದಲು ಅದನ್ನು ತಿಳಿದುಕೊಂಡು ಬನ್ನಿ.

ಉತ್ತರ (ಧಾರವಾಡದಿಂದ)

ಕೇಳಿದವರಿಗೆ ನಾಳೆ ಸಂಜೆಯ ಗಡುವಿದೆ. ಆದ್ದರಿಂದ ಉತ್ತರವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಹೇಳುತ್ತೇನೆ: "15ನೆಯ ಆವೃತ್ತಿ, 1994ರ ಮುದ್ರಣ" ಎಂದು ಬರೆಯಿರಿ.

ನಾನು ಮೂವತ್ತು ವರ್ಷ ಕರಡಚ್ಚು ತಿದ್ದಿದವನು. ನಮ್ಮ ಪುಸ್ತಕಗಳ ಹಿಂಬದಿಯಲ್ಲಿ "ಎರಡನೆಯ ಮುದ್ರಣ" ಎಂದಿದ್ದರೆ ಒಳಗೆ ಒಂದಕ್ಷರವೂ ಬದಲಾಗಿಲ್ಲವೋ, ಎರಡು ಅಧ್ಯಾಯ ಹೊಸದಾಗಿ ಸೇರಿವೆಯೋ ತಿಳಿಯುವುದೇ ಇಲ್ಲ. ಈ ಎರಡು ಪದಗಳನ್ನು ಬೇರೆಯಾಗಿ ಉಳಿಸಿಕೊಳ್ಳದೆ ನಾವು ಕಳೆದುಕೊಂಡದ್ದು ಬಹಳ. ಬ್ರಿಟಾನಿಕಾದ ವಿಷಯದಲ್ಲಂತೂ ಇವನ್ನು ಬೆರೆಸಿದರೆ ಅದರ ಚರಿತ್ರೆಯನ್ನೇ ತಪ್ಪಾಗಿ ಹೇಳಿದಂತಾಗುತ್ತದೆ.

ಎಡಿನ್‌ಬರೋದಲ್ಲಿ 1768ರಲ್ಲಿ ಮುದ್ರಕ ಕಾಲಿನ್ ಮ್ಯಾಕ್‌ಫಾರ್ಕರ್, ಕೆತ್ತನೆಗಾರ ಆಂಡ್ರ್ಯೂ ಬೆಲ್ ಇವರಿಬ್ಬರೂ ಸೇರಿ, ವಿಲಿಯಂ ಸ್ಮೆಲ್ಲಿಯ ಸಂಪಾದಕತ್ವದಲ್ಲಿ ಇದನ್ನು ಬಿಡಿ ಕಂತುಗಳಾಗಿ ಹೊರಡಿಸಲು ತೊಡಗಿದರು. 1771ರ ಹೊತ್ತಿಗೆ ಅವು ಮೂರು ಸಂಪುಟಗಳಾಗಿ ಕೂಡಿಬಂದವು. ಮೊದಲ ಸಂಪುಟವೆಲ್ಲ ಇಂಗ್ಲಿಷಿನ ಮೊದಲ ಎರಡೇ ಅಕ್ಷರಗಳಿಗೆ ಹೋಯಿತು. "ಎಂ"ನಿಂದ "ಝಡ್"ವರೆಗಿನ ಉಳಿದರ್ಧ ವರ್ಣಮಾಲೆಯನ್ನು ಮೂರನೆಯದೊಂದರಲ್ಲೇ ಒತ್ತಿ ತುಂಬಬೇಕಾಯಿತು. 1777ರಿಂದ 1784ರವರೆಗೆ ಬಂದ ಎರಡನೆಯದು ಹತ್ತು ಸಂಪುಟಗಳಿಗೆ ಬೆಳೆಯಿತು. ಮೊದಲನೆಯದರಲ್ಲಿ ಇಲ್ಲದ ಜೀವನಚರಿತ್ರೆಗಳು ಅದರಲ್ಲಿ ಸೇರಿದವು. ಮೈಸೂರಿನವರ ವ್ಯುತ್ಪತ್ತಿಯಂತೆ ನಡೆದರೆ ಇದನ್ನು ಎರಡನೆಯ ಆವೃತ್ತಿ ಎನ್ನುವ ಹಾಗಿಲ್ಲ. ಆದರೆ ಕನ್ನಡದ ಓದುಗರು "ಪರಿಷ್ಕೃತ ಆವೃತ್ತಿ" ಎಂಬ ಮಾತನ್ನು ದಿನವೂ ಓದುತ್ತಾರೆ, ಅದರಲ್ಲಿ ಯಾರಿಗೂ ವಿರೋಧ ಕಂಡಿಲ್ಲ. ಮಂತ್ರದ ಆವೃತ್ತಿಯ ಅರ್ಥ ಮಂತ್ರಕ್ಕಿರಲಿ. ಪುಸ್ತಕದ ಆವೃತ್ತಿಗೆ ಬೇರೆ ಅರ್ಥ ರೂಢಿಯಾಗಿ ಬಹುಕಾಲವಾಯಿತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 1910-11ರಲ್ಲಿ ಬಂದ 11ನೆಯ ಆವೃತ್ತಿಯ 29 ಸಂಪುಟಗಳು ಒಂದೇ ಯೋಜನೆಯಾಗಿ ಸಿದ್ಧವಾಗಿ ಒಟ್ಟಿಗೇ ಓದುಗರ ಕೈಸೇರಿದವು. ಹೀಗೆ ಕಟ್ಟಿದ ಪುಸ್ತಕ ಮರುದಿನದಿಂದಲೇ ಹಳತಾಗತೊಡಗುತ್ತದೆ, ಮುಂದಿನ ಆವೃತ್ತಿಯವರೆಗೆ ಸಂಪಾದಕ ಮಂಡಳಿಗೂ ಮಾರಾಟಕ್ಕೂ ಬಿಡುವು ಬೀಳುತ್ತದೆ. ಅದಕ್ಕಾಗಿ 1930ರ ದಶಕದಲ್ಲಿ ಕ್ರಮವನ್ನೇ ಬದಲಿಸಿದರು. 1929ರ 14ನೆಯ ಆವೃತ್ತಿಯನ್ನು ಹಾಗೆಯೇ ಇಟ್ಟುಕೊಂಡು, ಪ್ರತಿ ವರ್ಷ ಒಂದಷ್ಟು ಲೇಖನಗಳನ್ನು ತಿದ್ದಿ ಮತ್ತೆ ಅಚ್ಚು ಹಾಕತೊಡಗಿದರು. ಆವೃತ್ತಿಯ ಸಂಖ್ಯೆ 1973ರವರೆಗೂ 14 ಆಗಿಯೇ ಉಳಿಯಿತು. 1974ರಲ್ಲಿ ಬಂದ 15ನೆಯದರದೂ ಇದೇ ಕತೆ. ಮೊದಲು ಅದು 30 ಸಂಪುಟಗಳಲ್ಲಿ, ಪ್ರತ್ಯೇಕ ಅಕಾರಾದಿ ಸೂಚಿಯಿಲ್ಲದೆ ಬಂದಿತ್ತು. ಹುಡುಕುವವರು ಕಷ್ಟಪಟ್ಟು ದೂರಿದ ಮೇಲೆ 1985ರಲ್ಲಿ ಎಲ್ಲವನ್ನೂ ಮರುಜೋಡಿಸಿ ಎರಡು ಸಂಪುಟಗಳ ಸೂಚಿಯನ್ನು ಸೇರಿಸಿದರು. ಇಷ್ಟು ದೊಡ್ಡ ಬದಲಾವಣೆಯಾದರೂ ಸಂಖ್ಯೆ ಮಾತ್ರ 15. ಹಾಗಾಗಿ ಶೀರ್ಷಿಕೆ ಪುಟದ ಅಂಕಿ ಆವೃತ್ತಿಯನ್ನೂ ಹಿಂಬದಿಯ ಇಸವಿ ಮುದ್ರಣವನ್ನೂ ಹೇಳುತ್ತವೆ. ಒಂದನ್ನು ಬಿಟ್ಟರೆ ನಿಮ್ಮ ಸೆಟ್ಟು ಯಾವುದೆಂದು ಗುರುತಿಸಲಾಗದು. ಬೆಂಗಳೂರಿನವರ ಸಲಹೆಯಂತೆ ಎರಡಕ್ಕೂ "ಅಚ್ಚು" ಎಂದರೆ ಇದೇ ವ್ಯತ್ಯಾಸ ಅಳಿಸಿಹೋಗುತ್ತದೆ. ಪದದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅಚ್ಚಿನಮನೆಯಲ್ಲೇ ಆಯುಷ್ಯ ಕಳೆದಿದ್ದೇನೆ.

ನಿಮ್ಮ 32ರ ಲೆಕ್ಕ ಹೀಗಿದೆ: ಜ್ಞಾನದ ರೂಪರೇಖೆ ಕೊಡುವ ಪ್ರೊಪೀಡಿಯಾ 1, ಕಿರುಲೇಖನಗಳ ಮೈಕ್ರೊಪೀಡಿಯಾ 12, ದೀರ್ಘ ಲೇಖನಗಳ ಮ್ಯಾಕ್ರೊಪೀಡಿಯಾ 17, ಸೂಚಿ 2. ಮೊದಲ ಮೂರು ಹೆಸರುಗಳನ್ನು ಅನುವಾದಿಸಬೇಡಿರಿ, ಅವು ಅಂಕಿತನಾಮಗಳು.

"ಡಿಜಿಟಲ್" ಎಂದೇ ಬರೆಯಿರಿ. ಕಾಲೇಜಿನ ಮಕ್ಕಳು "ಅಂಕೀಯ" ಎಂದು ಓದಿದೊಡನೆ ಪರೀಕ್ಷೆಯ ಅಂಕವನ್ನು ನೆನೆಯುತ್ತಾರೆ. ಆದರೆ ಸಿ.ಡಿ.ಗೂ ಜಾಲತಾಣಕ್ಕೂ "ಆವೃತ್ತಿ" ಎನ್ನಬೇಡಿರಿ. ಬ್ರಿಟಾನಿಕಾದ ಪಠ್ಯ 1981ರಲ್ಲಿಯೇ ಲೆಕ್ಸಿಸ್‌ನೆಕ್ಸಿಸ್ ಎಂಬ ಮಾಹಿತಿ ಸೇವೆಯ ಚಂದಾದಾರರಿಗೆ ಗಣಕದ ಮೂಲಕ ದೊರೆತಿತ್ತು. ಮೈಕ್ರೋಸಾಫ್ಟಿನ ಡಿಜಿಟಲ್ ವಿಶ್ವಕೋಶ ಎನ್‌ಕಾರ್ಟಾ ಬಂದ ಮರುವರ್ಷ, ಅಂದರೆ ನಿಮ್ಮ ಸೆಟ್ಟು ಅಚ್ಚಾದ 1994ರಲ್ಲೇ, ಬ್ರಿಟಾನಿಕಾ ಸಿ.ಡಿ.ಯಾಗಿಯೂ ಅಂತರಜಾಲದಲ್ಲಿಯೂ ಬಂತು. ಜಾಲತಾಣದಲ್ಲಿ ಒಂದು ಲೇಖನವನ್ನು ಇಂದು ತಿದ್ದುತ್ತಾರೆ, ಇನ್ನೊಂದನ್ನು ಮುಂದಿನ ತಿಂಗಳು ತಿದ್ದುತ್ತಾರೆ. ಇಡಿಯಾಗಿ ಕಟ್ಟಿ ಸಂಖ್ಯೆ ಕೊಡುವ ಗಳಿಗೆ ಅಲ್ಲಿ ಬರುವುದೇ ಇಲ್ಲ. ಅದಕ್ಕೆ "ಡಿಜಿಟಲ್ ರೂಪ" ಎಂಬುದೇ ಒಪ್ಪುವ ಮಾತು.

ಉತ್ತರ (ಬೆಂಗಳೂರಿನಿಂದ)

"ಅಂಕೀಯ" ಹಿಂದಿಯ ದಾರಿಯಿಂದ ಬಂದದ್ದು, ಅದು ತೊಲಗಿದರೆ ನನಗೂ ಸಂತೋಷ. ಆದರೆ ಅದರ ಜಾಗಕ್ಕೆ ಇಂಗ್ಲಿಷನ್ನೇ ಕೂರಿಸುವುದು ಸೋಲೊಪ್ಪಿಕೊಂಡಂತೆ. "ಜಾಲತಾಣ" ಎಂಬುದನ್ನು ಯಾರೋ ಧೈರ್ಯ ಮಾಡಿ ಬಳಸಿದರು, ಇಂದು ಅಂಗಡಿಯ ಬೋರ್ಡಿನಲ್ಲೂ ಇದೆ.

ಉತ್ತರ (ಧಾರವಾಡದಿಂದ)

"ತಾಣ"ವೂ "ಸ್ಥಾನ"ದ ತದ್ಭವವೇ, "ಜಾಲ"ವಂತೂ ನೇರ ಸಂಸ್ಕೃತ. ಆ ಪದ ನಿಂತದ್ದು ಬಾಯಿಗೆ ಹಗುರವಾಗಿದ್ದರಿಂದ ಮತ್ತು ಅರ್ಥ ಕೂಡಲೇ ಹೊಳೆದದ್ದರಿಂದ. "ಎಣಿಕೆಯ ರೂಪ" ಎಂದು ಬರೆದರೆ ನೋಡುವವರು ಸಂಪುಟಗಳನ್ನು ಎಣಿಸತೊಡಗುತ್ತಾರೆ.

ಉತ್ತರ (ಮಂಗಳೂರಿನಿಂದ)

"ವಿಶ್ವಕೋಶ" ಎಂದು ಬರೆದದ್ದು ಸರಿಯಾಗಿದೆ, ಅದನ್ನು "ಜ್ಞಾನಕೋಶ" ಎಂದು ಯಾರೂ ತಿದ್ದದಂತೆ ನೋಡಿಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಹೊರತಂದ ಹದಿನಾಲ್ಕು ಸಂಪುಟಗಳಿಗೆ "ಕನ್ನಡ ವಿಶ್ವಕೋಶ" ಎಂದೇ ಹೆಸರು; ಆ ಹೆಸರು ನಮ್ಮ ಕಿವಿಯಲ್ಲಿ ನೆಲೆಯೂರಿದೆ. ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಗೆ ಒಳಪಡಿಸಿದ ಮೇಲೆ ಅಲ್ಲಿನ ಲೇಖನಗಳು ಕನ್ನಡ ವಿಕಿಪೀಡಿಯಕ್ಕೂ ಬಂದಿವೆ. ನಿಮ್ಮ ಗ್ರಂಥಾಲಯದಲ್ಲಿ ಆ ಸಂಪುಟಗಳಿದ್ದರೆ ಅದೇ ಬೀರುವಿನಲ್ಲಿ ಒಂದು ಖಾನೆ ಅವಕ್ಕೂ ಕೊಡಿ.

ಪ್ರಶ್ನೆ ಕೇಳಿದವರು (ದಾವಣಗೆರೆಯಿಂದ)

ಎಲ್ಲರಿಗೂ ಕೃತಜ್ಞತೆಗಳು. ಮೇಲಿನವರು ಧಾರವಾಡದವರ ಪತ್ರವನ್ನು ಓದಿ "ಸಂಚಿಕೆ"ಯನ್ನು ಬಿಟ್ಟುಕೊಟ್ಟಿದ್ದಾರೆ. ಕನ್ನಡ ವಿಶ್ವಕೋಶದ ಹದಿನಾಲ್ಕೂ ಸಂಪುಟಗಳು ನಮ್ಮಲ್ಲಿವೆ, ಕೆಳಗಿನ ಖಾನೆಯನ್ನು ಅವಕ್ಕೆ ತೆರವು ಮಾಡಿದ್ದೇವೆ. ಅಂಗಡಿಗೆ ಹೋಗುವ ಪಠ್ಯ ಹೀಗಿದೆ:

"ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ. 15ನೆಯ ಆವೃತ್ತಿ, 1994ರ ಮುದ್ರಣ, 32 ಸಂಪುಟಗಳು. ಈ ವಿಶ್ವಕೋಶದ ಮೊದಲ ಆವೃತ್ತಿ 1768ರಿಂದ 1771ರವರೆಗೆ ಎಡಿನ್‌ಬರೋದಲ್ಲಿ ಮೂರು ಸಂಪುಟಗಳಾಗಿ ಬಂತು. 1990ರಲ್ಲಿ ಅಮೆರಿಕ ಒಂದರಲ್ಲೇ 1,20,000 ಸೆಟ್ಟುಗಳು ಮಾರಾಟವಾಗಿದ್ದವು. ಡಿಜಿಟಲ್ ರೂಪ ಬಳಕೆಗೆ ಬಂದ ಮೇಲೆ ಬೇಡಿಕೆ ಕುಸಿಯಿತು. 2010ರ ಮುದ್ರಣದ 12,000 ಸೆಟ್ಟುಗಳೇ ಕೊನೆಯವು ಎಂದು ಪ್ರಕಾಶಕರು 2012ರ ಮಾರ್ಚಿನಲ್ಲಿ ಪ್ರಕಟಿಸಿದರು. ಈಗ ಅದು ಡಿಜಿಟಲ್ ರೂಪದಲ್ಲಿ ಮಾತ್ರ ಮುಂದುವರಿದಿದೆ."

ಉತ್ತರ (ಮೈಸೂರಿನಿಂದ)

"ಆವೃತ್ತಿ"ಯ ಬಗೆಗಿನ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ ಎಂಬುದು ಇಲ್ಲಿ ದಾಖಲಾಗಲಿ. ಫ್ಲೆಕ್ಸಿಗೆ ಕೊಡುವ ಮೊದಲು "15ನೆಯ" ಎಂಬಲ್ಲಿ ಅಂಕಿಗೂ ಅಕ್ಷರಕ್ಕೂ ನಡುವೆ ತೆರಪು ಬೀಳದಂತೆ ಅಂಗಡಿಯವರಿಗೆ ಹೇಳಿರಿ. ಸಾಲು ಮುರಿದರೆ "ನೆಯ" ಮಾತ್ರ ಕೆಳಗಿಳಿಯುತ್ತದೆ.