ಅಪ್‌ಡೇಟ್: ಸಾಲ ಮಾಡದೆ ಮಗಳ ಬಿ.ಕಾಂ.

ಸಾಲ ಮಾಡದೆ ಮಗಳನ್ನು ಬಿ.ಕಾಂ. ಓದಿಸುವುದು ಹೇಗೆ ಅಂತ ಕಳೆದ ಜೂನ್‌ನಲ್ಲಿ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಮಗಳಿಗೆ ಪಿಯುಸಿಯಲ್ಲಿ ಶೇ. 71. ಸ್ಕಾಲರ್‌ಶಿಪ್‌ಗೆ ಅಷ್ಟು ಸಾಲದು, ಬ್ಯಾಂಕ್ ಸಾಲ ನಮ್ಮವರಿಗೆ ಬೇಡವೇ ಬೇಡ. ಖಾಸಗಿ ಕಾಲೇಜಿನವರು ವರ್ಷಕ್ಕೆ 80 ಸಾವಿರ ಕೇಳಿದ್ದರು.

ಅಲ್ಲಿಗೆ ಸೇರಿಸಲಿಲ್ಲ. ಅರ್ಜಿಗೆ ಕಟ್ಟಿದ್ದು ಮಾತ್ರ ವಾಪಸ್ ಬರಲಿಲ್ಲ, ಹೋಗಲಿ ಬಿಡಿ. ನೀವೆಲ್ಲ ಹೇಳಿದ ಹಾಗೆ ತುಮಕೂರಿನ ಸರ್ಕಾರಿ ಕಾಲೇಜಿಗೆ ಸೇರಿಸಿದೆವು. ಗುಬ್ಬಿಯಿಂದ ದಿನಾ ಓಡಾಡುತ್ತಾಳೆ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೆ ಕಾಸಿಲ್ಲ, ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಹಾಸ್ಟೆಲ್ ಖರ್ಚು ಉಳಿಯಿತು. ಬೆಳಗಿನ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲ್ಲ, ಅದು ಬೇರೆ ಮಾತು!

ಮೊದಲ ವರ್ಷದ ಫೀಸು, ಪುಸ್ತಕ, ಒಂದು ಹಳೆಯ ಲ್ಯಾಪ್‌ಟಾಪ್ ಎಲ್ಲಾ ಅಂಚೆ ಕಚೇರಿಯ ಆರ್‌ಡಿಯಲ್ಲೇ ಆಯಿತು. ತಿಂಗಳಿಗೆ 500ರಂತೆ 5 ವರ್ಷ ಕಟ್ಟಿದ್ದೆ. ಅಸಲೇ 30,000, ಮೇಲೆ ಬಡ್ಡಿ.

ಮುಂದಿನ ವರ್ಷದ್ದು ಅವಳೇ ಕೂಡಿಸುತ್ತಿದ್ದಾಳೆ. ರಾತ್ರಿ ಊಟ ಆದಮೇಲೆ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ, ಒಂದಕ್ಕೆ 250 ರೂಪಾಯಿ. ಪರೀಕ್ಷೆ ತಿಂಗಳಲ್ಲಿ ಮಾತ್ರ ನಾನೇ ಬೇಡ ಅಂದೆ. ಆಗ ಬಂದ ನಾಲ್ಕು ಸೀರೆ ಇನ್ನೂ ಬೀರುವಿನಲ್ಲೇ ಇವೆ, ಪಕ್ಕದ ಮನೆ ಅಕ್ಕ ದಿನಾ ಕೇಳುತ್ತಾರೆ.