ಕಣ್ಣಿಗೆ ಸುಣ್ಣ ಬಿದ್ದು ಹಾಳಾಗಿದೆ, ಒಳ್ಳೆಯ ಕಣ್ಣಿಂದ ಚೂರು ತೆಗೆದು ಹಾಕುತ್ತಾರಂತೆ. ಒಪ್ಪಬಹುದಾ?

ಹರಿಹರದ_ಹುಡುಗ:
ಗೊತ್ತಿರುವವರು ಸ್ವಲ್ಪ ಹೇಳಿ. ನನ್ನ ಚಿಕ್ಕಪ್ಪನ ಮಗ ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುವ ಕೆಲಸ ಮಾಡುತ್ತಾನೆ. ಹೋದ ವರ್ಷ ಡ್ರಮ್ಮಿನಲ್ಲಿದ್ದ ಸುಣ್ಣದ ಕಲ್ಲಿಗೆ ನೀರು ಹಾಕುವಾಗ ಅದು ಕೊತಕೊತ ಕುದ್ದು ಎಡಗಣ್ಣಿಗೆ ಚಿಮ್ಮಿತು. ಈಗ ಉರಿ ಕಡಿಮೆಯಾಗಿದೆ, ಆದರೆ ಬಿಳಿ ಭಾಗದಿಂದ ಮಾಂಸದಂಥ ಪದರ ಬೆಳೆದು ಕಪ್ಪುಗುಡ್ಡೆಯನ್ನೇ ಮುಚ್ಚಿಬಿಟ್ಟಿದೆ, ಅದರ ಮೇಲೆ ಕೆಂಪು ನರಗಳು ಬೇರೆ. ಬೆಳಕು ಗೊತ್ತಾಗುತ್ತದೆ, ಅಷ್ಟೇ. ಕಾರ್ನಿಯಾ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಬದಲಾಯಿಸಿದರೆ ಮುಗಿಯಿತು ಅಂದುಕೊಂಡು ಹೋದರೆ ಡಾಕ್ಟರು ಅದು ಈಗಲೇ ಬೇಡ ಅಂದರು. ಮೊದಲು ಬಲಗಣ್ಣಿಂದ ಚೂರು ತೆಗೆದು ಹಾಕಬೇಕಂತೆ, ಜೊತೆಗೆ ಹೆರಿಗೆಯಲ್ಲಿ ಬೀಳುವ ಮಾಸಿನ ಪದರ ಅಂಟಿಸುತ್ತಾರಂತೆ. ಚಿಕ್ಕಮ್ಮ ಹಟ ಹಿಡಿದು ಕೂತಿದ್ದಾರೆ, "ಇರೋ ಒಂದು ಕಣ್ಣಿಗೂ ಕತ್ತರಿ ಹಾಕಿಸ್ಬೇಡಿ" ಅಂತ. ಪುನೀತ್ ಕಣ್ಣು ನಾಲ್ಕು ಜನಕ್ಕೆ ಬೆಳಕಾಯಿತಲ್ಲ, ಇವನಿಗೆ ಯಾಕೆ ಹಾಗೆ ಮಾಡಲು ಆಗುವುದಿಲ್ಲ?

ಕನ್ನಡಕದ_ಕೆಲಸ:
ನಾನು ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷೆ ಮಾಡುವವರು), ಕಣ್ಣಾಸ್ಪತ್ರೆಯ ಕಾರ್ನಿಯಾ ವಿಭಾಗದಲ್ಲಿದ್ದೇನೆ. ನಿಮ್ಮ ಡಾಕ್ಟರು ಹೇಳಿದ ಕ್ರಮ ಸರಿಯಾಗಿಯೇ ಇದೆ.

ಕಪ್ಪುಗುಡ್ಡೆಯೂ ಬಿಳಿ ಭಾಗವೂ ಸೇರುವ ಕಡೆ ಸುತ್ತಲೂ ಒಂದು ಅಂಚು ಇದೆ, ಲಿಂಬಸ್ ಅಂತ. ಕಾರ್ನಿಯಾದ ಮೇಲ್ಪದರ ದಿನಾ ಸವೆಯುತ್ತದೆ, ದಿನಾ ಹೊಸದು ಬೆಳೆಯುತ್ತದೆ, ಆ ಹೊಸ ಜೀವಕೋಶ ಬರುವುದು ಈ ಅಂಚಿನ ಸ್ಟೆಮ್ ಸೆಲ್‌ಗಳಿಂದ, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲ ಕೋಶಗಳಿಂದ. ಸುಣ್ಣ ಸುಡುವುದು ಅದನ್ನೇ. ಅಂಚು ಹೋದ ಮೇಲೆ ತಡೆಯುವವರಿಲ್ಲ, ಬಿಳಿ ಭಾಗದ ಪದರ ರಕ್ತನಾಳಗಳ ಸಮೇತ ಒಳಗೆ ನುಗ್ಗುತ್ತದೆ. ನೀವು ನೋಡುತ್ತಿರುವುದು ಅದೇ. ಪುನೀತ್ ಅವರ ಎರಡು ಕಾರ್ನಿಯಾಗಳ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ 2021ರಲ್ಲಿ ನಾಲ್ಕು ಜನಕ್ಕೆ ಹಾಕಿದ್ದು ನಿಜ. ಆದರೆ ಕಾರ್ನಿಯಾ ಕಸಿ ನಿಲ್ಲಬೇಕಾದರೆ ಹಾಕಿಸಿಕೊಳ್ಳುವವರ ಕಣ್ಣಿನ ಅಂಚು ಜೀವಂತ ಇರಬೇಕು. ದಾನಿಯ ಕಾರ್ನಿಯಾದ ಮೇಲಿರುವ ಕೋಶಗಳು ಸ್ವಲ್ಪ ದಿನಕ್ಕೆ ಉದುರಿಹೋಗುತ್ತವೆ, ಆ ಜಾಗಕ್ಕೆ ಇವನದೇ ಕೋಶ ಬರಬೇಕು. ಅದು ಇಲ್ಲದಿದ್ದರೆ ಹೊಸ ಕಾರ್ನಿಯಾವೂ ಮತ್ತೆ ಬೆಳ್ಳಗಾಗುತ್ತದೆ. ಸುಮ್ನೆ ಒಬ್ಬ ದಾನಿಯ ಕಣ್ಣು ದಂಡ.

ಒಳ್ಳೆಯ ಕಣ್ಣಿನ ಇದೇ ಅಂಚಿಂದ ತೆಗೆಯುವುದು ಎಷ್ಟು ಅಂತ ಚಿಕ್ಕಮ್ಮನಿಗೆ ಹೇಳಿ: ಸುಮಾರು 2 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ, ಅಷ್ಟೇ. ಹೆಚ್ಚಾಗಿ ಮೇಲಿನ ರೆಪ್ಪೆ ಮುಚ್ಚುವ ಜಾಗದಿಂದ ತೆಗೆಯುತ್ತಾರೆ. ಎಡಗಣ್ಣಿನ ಮೇಲೆ ಹತ್ತಿದ ಪದರವನ್ನು ಬಿಡಿಸಿ, ಮಾಸಿನ ಪದರ ಹಾಸಿ, ಆ ಚೂರನ್ನೇ ಎಂಟು ಹತ್ತು ತುಣುಕು ಮಾಡಿ ಪೈರು ನಾಟಿ ಮಾಡಿದ ಹಾಗೆ ಸುತ್ತಲೂ ಇಡುತ್ತಾರೆ. ಹೊಲಿಗೆ ಬದಲು ಫೈಬ್ರಿನ್ ಗ್ಲೂ (ರಕ್ತದ ಪ್ರೋಟೀನಿನಿಂದ ಮಾಡಿದ ಅಂಟು), ಮೇಲೊಂದು ಬ್ಯಾಂಡೇಜ್ ಲೆನ್ಸ್ (ಗಾಯ ಕಾಪಾಡುವ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್). ಮೊದಲೆಲ್ಲ ಈ ಕೋಶಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಬೇಕಿತ್ತು, ಇಟಲಿಯವರು 1997ರಲ್ಲಿ ಮಾಡಿ ತೋರಿಸಿದ್ದು ಹಾಗೆ. ಅದಕ್ಕೆ ದುಬಾರಿ ಲ್ಯಾಬ್ ಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯವರು 2012ರಲ್ಲಿ ಕಣ್ಣಿನ ಮೇಲೆಯೇ ಬೆಳೆಯಲು ಬಿಡುವ ಈ ಸುಲಭ ವಿಧಾನ ಪ್ರಕಟಿಸಿದರು, ಸ್ಲೆಟ್ ಅನ್ನುತ್ತಾರೆ.

ಅಡಿಕೆ_ತೋಟ:
ನಮ್ಮ ಅಪ್ಪನಿಗೆ ಕಣ್ಣಲ್ಲಿ ದುರ್ಮಾಂಸ ತೆಗೆದಾಗ ಅದೇ ಕಣ್ಣಿನ ಬಿಳಿ ಭಾಗದಿಂದ ತೆಳು ಪದರ ತೆಗೆದು ಅಂಟಿಸಿದ್ದರು, ತೆಗೆದ ಜಾಗ ತಾನಾಗಿ ಕೂಡಿಕೊಂಡಿತು. ಅಂಥ ಹೆದರಿಕೆಯದ್ದಲ್ಲ. ಆದರೆ ಮಾಸು ಅಂದರೆ ಯಾರದೋ ಹೆರಿಗೆಯದು ಅಲ್ವಾ? ಸೋಂಕು ಗೀಂಕು ಬಂದರೆ?

ಕನ್ನಡಕದ_ಕೆಲಸ:
ಒಳ್ಳೆಯ ಪ್ರಶ್ನೆ. ಸಿಕ್ಕವರ ಮಾಸು ತರುವುದಿಲ್ಲ. ಮೊದಲೇ ದಿನ ಗೊತ್ತಾಗಿರುವ ಸಿಸೇರಿಯನ್ ಹೆರಿಗೆಯಲ್ಲಿ, ತಾಯಿ ಒಪ್ಪಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಎಲ್ಲದಕ್ಕೂ ಆಕೆಯ ರಕ್ತ ಪರೀಕ್ಷೆ ಆಗಿರುತ್ತದೆ. ಮಗುವಿನ ಕಡೆ ಇರುವ ಅತಿ ತೆಳು ಪದರವನ್ನಷ್ಟೇ ಬಿಡಿಸಿ, ತೊಳೆದು, ಕಾಗದದಂಥ ಹಾಳೆಗೆ ಹಚ್ಚಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಅದರಲ್ಲಿ ರಕ್ತನಾಳ ಇಲ್ಲ, ದೇಹ ಹೆಚ್ಚುಕಡಿಮೆ ತಿರಸ್ಕರಿಸುವುದೇ ಇಲ್ಲ, ಉರಿಊತ ಇಳಿಸುತ್ತದೆ. ಹೊಸ ಕೋಶ ಹಬ್ಬಲು ಅದು ಹಾಸು, ಕೆಲವು ವಾರದಲ್ಲಿ ತಾನೇ ಕರಗುತ್ತದೆ. ಕಣ್ಣಿಗೆ ಇಂಥ ಪದರ ಹಾಕಿದ್ದು 1940ರಲ್ಲೇ, ಆಮೇಲೆ ಜನ ಮರೆತಿದ್ದರು, 1995ರ ನಂತರ ಮತ್ತೆ ಬಳಕೆಗೆ ಬಂತು.

ಹರಿಹರದ_ಹುಡುಗ:
ತುಂಬಾ ಥ್ಯಾಂಕ್ಸ್. ಚಿಕ್ಕಮ್ಮನಿಗೆ ಓದಿ ಹೇಳಿದೆ. ಈಗ "ಅವನ ಕಣ್ಣು ಮುಟ್ಟಬೇಡಿ, ನನ್ನ ಕಣ್ಣಿಂದ ತೆಗೀರಿ" ಅನ್ನುತ್ತಿದ್ದಾರೆ! ಆಗುತ್ತದಾ? ಗೆಲ್ಲುವುದು ಎಷ್ಟು ಜನಕ್ಕೆ?

ರೆಪ್ಪೆ_ಬಡಿಯದವಳು:
ತಾಯಿಯ ಕಣ್ಣಿಂದಲೂ ತೆಗೆಯುತ್ತಾರೆ, ಆದರೆ ಎರಡೂ ಕಣ್ಣು ಸುಟ್ಟವರಿಗೆ. ತಾಯಿಯದಾದರೂ ದೇಹಕ್ಕೆ ಅದು ಬೇರೆಯವರದೇ, ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ಬಹಳ ಕಾಲ ನುಂಗಬೇಕು. ನಮ್ಮ ಅಣ್ಣನಿಗೆ ಎರಡೂ ಕಣ್ಣು, ಸ್ಟೀವನ್ಸ್ ಜಾನ್ಸನ್ (ಹೆಚ್ಚಾಗಿ ಔಷಧಿ ಒಗ್ಗದೆ ಚರ್ಮ, ಬಾಯಿ, ಕಣ್ಣು ಸುಟ್ಟಂತಾಗುವ ಕಾಯಿಲೆ) ಆದದ್ದು, ಹಾಗಾಗಿ ಇದನ್ನೆಲ್ಲ ಕೇಳಿ ಕೇಳಿ ಬಾಯಿಪಾಠ. ಅಂಥವರಿಗೆ ಬಾಯಿಯ ಒಳಚರ್ಮದ ಕೋಶ ಬೆಳೆಸಿ ಕಣ್ಣಿಗೆ ಹಾಕುವುದೂ ಇದೆ, ಜಪಾನಿನವರು 2004ರಲ್ಲಿ ವರದಿ ಮಾಡಿದ್ದು. ನಿಮ್ಮ ಹುಡುಗನಿಗೆ ತನ್ನದೇ ಒಳ್ಳೆಯ ಕಣ್ಣು ಇರುವಾಗ ಆ ಮಾತ್ರೆಗಳ ಸಹವಾಸ ಯಾಕೆ?

ಕನ್ನಡಕದ_ಕೆಲಸ:
ಅದೇ ಹೈದರಾಬಾದಿನವರು ಒಂದು ಕಣ್ಣು ಸುಟ್ಟ 125 ಜನರ ಫಲಿತಾಂಶ 2016ರಲ್ಲಿ ಹಾಕಿದ್ದರು, 76% ಗೆದ್ದಿತ್ತು. ಅದೇ ಆಪರೇಷನ್ನಿನಲ್ಲಿ ಕಾರ್ನಿಯಾವನ್ನೂ ಹಾಕಿಸಿಕೊಂಡವರಲ್ಲಿ ಸೋಲು ಜಾಸ್ತಿ, ಡಾಕ್ಟರು "ಈಗಲೇ ಬೇಡ" ಅಂದಿದ್ದಕ್ಕೆ ಇದೂ ಕಾರಣ. ರೆಪ್ಪೆ ಗುಡ್ಡೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೂ ಕಷ್ಟ, ಅದನ್ನು ಕೇಳಿ. ಮೇಲ್ಮೈ ಸರಿಯಾದ ಮೇಲೂ ಒಳಗೆ ಕಲೆ ಉಳಿದಿದ್ದರೆ ಆಗ ಕಾರ್ನಿಯಾ ವಿಚಾರ. ಕೆಲವರಿಗೆ ಅದು ಬೇಕಾಗುವುದೇ ಇಲ್ಲ.

ಅಡಿಕೆ_ತೋಟ:
ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಎಲೆ ಅಡಿಕೆಗೆ ತರುವ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಒತ್ತಿದರೆ ಒಡೆದು ನೇರ ಕಣ್ಣಿಗೇ ಹಾರುತ್ತದೆ. ಬಿದ್ದರೆ ನಿಂಬೆರಸ, ಎಣ್ಣೆ, ಎದೆಹಾಲು ಏನೂ ಬೇಡ. ನಲ್ಲಿ ಕೆಳಗೆ ಅರ್ಧ ಗಂಟೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ.

ಕನ್ನಡಕದ_ಕೆಲಸ:
ಹೌದು, ರೆಪ್ಪೆ ಮಗುಚಿ ಒಳಗಿರುವ ಸುಣ್ಣದ ಹರಳನ್ನು ಅಲ್ಲಿ ತೆಗೆಸಲೇಬೇಕು. ಹರಿಹರದವರೇ, ಆಪರೇಷನ್ ಆದ ಮೇಲೆ ಆ ಬ್ಯಾಂಡೇಜ್ ಲೆನ್ಸ್ ಬಿದ್ದುಹೋದರೆ ನೀವೇ ತೊಳೆದು ಹಾಕಲು ಹೋಗಬೇಡಿ. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.